ಮುಕ್ಕಾಮು ಎಂಬ ಮಾತು

ಶಾಹಾಬಾದದಿಂದ ಗೃಹಿಣಿಯೊಬ್ಬರು ಈ ತಿಂಗಳು ನಮಗೆ ಒಂದು ಪತ್ರವನ್ನು ಬರೆದಿರುವರು. ಅವರ ಹಿರಿಯ ಮಗಳ ಲಗ್ನವು ಕಳೆದ ವೈಶಾಖದಲ್ಲಿ ಮೈಸೂರು ಕಡೆಯ ಮನೆತನದೊಡನೆ ನೆರವೇರಿತಂತೆ. ಲಗ್ನಪತ್ರಿಕೆಯಲ್ಲಿ ಯಜಮಾನರ ಹೆಸರಿನ ಕೆಳಗೆ ಈ ಪ್ರಾಂತದ ಪದ್ಧತಿಯಂತೆ ‘ಮು॥ ಪೋ॥’ ಎಂದು ಹಾಕಿಸಿ ಅದರ ಮುಂದೆ ಊರ ಹೆಸರನ್ನು ಅಚ್ಚು ಮಾಡಿಸಿದ್ದರು. ಅದರ ಅರ್ಥವನ್ನು ಯಾರಿಂದಲೋ ಕೇಳಿ ತಿಳಿದುಕೊಂಡ ಹೊಸ ಅಳಿಯಂದಿರು, ಬೀಗರೆಲ್ಲರೂ ಊಟಕ್ಕೆ ಕುಳಿತ ಪಂಕ್ತಿಯಲ್ಲಿ, “ಅತ್ತೆಯವರೇ, ಮೊಕ್ಕಾಂ ಎಂದರೆ ಅಧಿಕಾರಿಗಳು ಊರೂರು ತಿರುಗುವಾಗ ಎರಡು ದಿನ ಇಳಿದುಕೊಳ್ಳುವುದಲ್ಲವೆ? ಹಾಗಾದರೆ ನೀವು ಇಲ್ಲಿಂದ ಯಾವಾಗ ಹೊರಡುವಿರಿ?” ಎಂದು ವಿನೋದ ಮಾಡಿದರು. ಪಂಕ್ತಿಯೆಲ್ಲ ನಕ್ಕಿತು, ಬಡಿಸುತ್ತಿದ್ದ ಅತ್ತೆಯವರೂ ನಕ್ಕರು. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. “ನಮ್ಮ ಮಾವನವರ ಅಜ್ಜನ ಕಾಲದಿಂದ ಇದೇ ಮನೆಯಲ್ಲಿ ಇದ್ದವರು ನಾವು. ಇಷ್ಟು ದಿನ ತಪ್ಪು ಬರೆಯುತ್ತ ಬಂದೆವೆ? ಕಿರಿಯ ಮಗಳ ಪತ್ರಿಕೆಯನ್ನು ಅಚ್ಚಿಗೆ ಕೊಡುವದಿದೆ, ಅದಕ್ಕೂ ಮೊದಲೇ ತಿಳಿಸಿದರೆ ಉಪಕಾರ” ಎಂದು ಅವರು ಕೇಳಿರುವರು.

ಪ್ರಶ್ನೆಯು ಸಣ್ಣದು. ಆದರೆ ಇದೇ ಪ್ರಶ್ನೆಗೆ ನಾವು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಮ್ಮೆ ಉತ್ತರ ಕೊಟ್ಟಿದ್ದೆವು, ಅದೂ ಕೆಂಪು ಮಸಿಯಲ್ಲಿ. ಆ ಉತ್ತರವು ತಪ್ಪಾಗಿತ್ತು. ಆದುದರಿಂದ ಈ ಸಲ ನಿಧಾನವಾಗಿ, ಬುಡದಿಂದ ಹೇಳುವೆವು. ವಾಚಕರು ಸಹನೆಯಿಂದ ಓದಬೇಕಾಗಿ ಪ್ರಾರ್ಥನೆ.

ಅಳಿಯಂದಿರು ಹೇಳಿದ ಅರ್ಥವು ಸುಳ್ಳಲ್ಲ. ಮೈಸೂರು ಸೀಮೆಯಲ್ಲಿ ‘ಮೊಕ್ಕಾಂ’ ಎಂದೂ, ನಮ್ಮ ಕಡೆಗೆ ‘ಮುಕ್ಕಾಂ’ ಅಥವಾ ‘ಮುಕ್ಕಾಮು’ ಎಂದೂ ಹೇಳುವ ಈ ಶಬ್ದಕ್ಕೆ ಪ್ರಯಾಣದ ನಡುವಿನ ತಂಗುವಿಕೆ ಎಂಬ ಅರ್ಥವು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಸಾಹೇಬರು ದೌರೆ ಹೊರಟಾಗ ಅವರ ಕಾಗದದ ನೆತ್ತಿಯ ಮೇಲೆ ಗುಮಾಸ್ತನು ‘ಮುಕ್ಕಾಂ ಚಿಂಚೋಳಿ’ ಎಂದು ಬರೆಯುತ್ತಿದ್ದನು. ನಾಟಕದ ಕಂಪನಿಯು ಒಂದು ಊರಿನಲ್ಲಿ ತಿಂಗಳುಗಟ್ಟಲೆ ಆಟ ಹಚ್ಚಿದರೆ ಕಂಪನಿಯ ಮುಕ್ಕಾಮು ಆ ಊರಲ್ಲಿದೆ ಎನ್ನುವರು. ಅತ್ತ ಮದುವೆಗೆ ಬಂದ ನೆಂಟರು ಎಂಟು ದಿನವಾದರೂ ಏಳದಿದ್ದರೆ ಮನೆಯ ಹೆಂಗಸರು ಅಡಿಗೆಯ ಮನೆಯಲ್ಲಿ ಮೆಲ್ಲಗೆ, “ಮುಕ್ಕಾಮು ಹೂಡ್ಯಾರ” ಎನ್ನುವದನ್ನು ಯಾರು ಕೇಳಿಲ್ಲ! ಈ ಎಲ್ಲ ಮಾತುಗಳಲ್ಲಿಯೂ ಇಂದಲ್ಲ ನಾಳೆ ಎದ್ದು ಹೋಗುವರು ಎಂಬ ಸೂಚನೆಯುಂಟು.

ಆದರೆ ಭೀಮಾ ತೀರದಿಂದ ಹಿಡಿದು ಮಹಾರಾಷ್ಟ್ರದವರೆಗೆ, ಹುಟ್ಟಿದ ಮನೆಯಿಂದ ಒಂದು ದಿನವೂ ಹೊರಗೆ ಮಲಗದ ರೈತನು ಸಹ ತನ್ನ ವಿಳಾಸವನ್ನು ‘ಮು॥ ಪೋ॥’ ಎಂದೇ ಆರಂಭಿಸುವನು. ಮುಕ್ಕಾಮು ಮತ್ತು ಪೋಸ್ಟು, ಅಂದರೆ ತಾನಿರುವ ಊರು ಮತ್ತು ಅಂಚೆಯ ಊರು. ಒಂದೇ ಶಬ್ದವು ಒಂದು ಕಡೆಗೆ ಎರಡು ದಿನದ ಡೇರೆಗೂ, ಇನ್ನೊಂದು ಕಡೆಗೆ ಏಳು ತಲೆಯ ಮನೆಗೂ ಹೆಸರಾಗಿರುವದು ಹೇಗೆ?

ನಾವು ಸಂಸ್ಕೃತವನ್ನು ಓದಿ ಅದನ್ನೇ ಕಲಿಸಿ ಹೊಟ್ಟೆ ಹೊರೆದವರು. ಅರಬ್ಬಿಯು ನಮಗೆ ಗೊತ್ತಿಲ್ಲ. ಈ ಶಬ್ದದ ಕುಲವನ್ನು ನಮಗೆ ತಿಳಿಸಿದವರು ಶಾಹಾಬಾದದಲ್ಲಿ ನಮ್ಮ ನೆರೆಯಲ್ಲಿದ್ದ ಉರ್ದು ಶಾಲೆಯ ಹಿರಿಯ ಮಾಸ್ತರರು. ಸಂಜೆಯ ಹೊತ್ತು ಅವರ ಮನೆಯ ಮುಂದಿನ ಪರಸಿ ಕಲ್ಲಿನ ಕಟ್ಟೆಯ ಮೇಲೆ ನಾವಿಬ್ಬರೂ ಕುಳಿತು ಚಹಾ ಕುಡಿಯುವದು ವಾಡಿಕೆಯಾಗಿತ್ತು. ಅವರು ನಮ್ಮನ್ನು ‘ಪಂಡಿತಜೀ’ ಎನ್ನುವರು, ನಾವು ಅವರನ್ನು ‘ಮೌಲ್ವಿ ಸಾಹೇಬರೇ’ ಎನ್ನುವೆವು. ಅವರು ಮೌಲ್ವಿಗಳಲ್ಲ, ನಾವು ಅಂಥ ಪಂಡಿತರೂ ಅಲ್ಲ. ಒಂದು ದಿನ ಅವರು ಹೇಳಿದರು: “ಪಂಡಿತಜೀ, ನಿಮ್ಮಲ್ಲಿ ಧಾತು ಇದ್ದ ಹಾಗೆ ಅರಬ್ಬಿಯಲ್ಲಿಯೂ ಉಂಟು. ಬಹುಮಟ್ಟಿಗೆ ಮೂರು ಮೂರು ವ್ಯಂಜನಗಳ ಗಂಟು. ನಡುವೆ ಸ್ವರವನ್ನು ಬದಲಿಸಿದರೆ ಶಬ್ದವು ಬದಲಾಗುವದು, ಗಂಟು ಮಾತ್ರ ಬಿಚ್ಚುವದಿಲ್ಲ.”

ಮುಕ್ಕಾಮಿನ ಗಂಟು ‘ಕ-ವ-ಮ’ ಎಂಬುದು. ಅದಕ್ಕೆ ‘ನಿಲ್ಲು, ಎದ್ದು ನಿಲ್ಲು’ ಎಂದು ಅರ್ಥ. ಅದರಿಂದ ‘ಮಕಾಮ್’ ಎಂದರೆ ನಿಂತ ಸ್ಥಳ, ‘ಮುಕಾಮ್’ ಎಂದರೆ ನೆಲೆಸುವಿಕೆ ಅಥವಾ ನೆಲೆಸಿದ ಸ್ಥಳ. ಈ ಎರಡನೆಯದು ಪಾರಸಿಯ ಮೂಲಕ ಮರಾಠಿಗೂ ಕನ್ನಡಕ್ಕೂ ಬಂದು, ನಡುವಿನ ಕಕಾರಕ್ಕೆ ಒತ್ತು ಬಿದ್ದು, ಕನ್ನಡದವರ ನಾಲಿಗೆಗೆ ವ್ಯಂಜನಾಂತವು ಒಗ್ಗದ್ದರಿಂದ ಕೊನೆಗೆ ಒಂದು ಉಕಾರವನ್ನು ಕೂಡಿಸಿಕೊಂಡು ‘ಮುಕ್ಕಾಮು’ ಆಯಿತು. ಇಷ್ಟೇ ಆಗಿದ್ದರೆ ನಾವು ಚಹಾ ಮುಗಿಸಿ ಏಳುತ್ತಿದ್ದೆವು. ಆದರೆ ಅದೇ ಗಂಟಿನಿಂದ ಹುಟ್ಟಿದ ಇನ್ನೊಂದು ಶಬ್ದವನ್ನು ಅವರು ಹೇಳಿದಾಗ ಕೈಯಲ್ಲಿಯ ಬಟ್ಟಲು ಕೈಯಲ್ಲೇ ಉಳಿಯಿತು. ಅದು ‘ಕಾಯಂ’.

ಹೌದು, ಕಾಯಂ ನೌಕರಿ, ಕಾಯಂ ವಿಳಾಸ, ಕಾಯಮ್ಮಾಗಿ ಎನ್ನುವ ಅದೇ ಶಬ್ದವು. ‘ಕಾಇಮ್’ ಎಂದರೆ ನಿಂತಿರುವಂಥದು, ಕದಲದೆ ಇರುವಂಥದು. ಯಾವುದನ್ನು ನಾವು ತಾತ್ಕಾಲಿಕವೆಂದೂ, ಯಾವುದನ್ನು ಶಾಶ್ವತವೆಂದೂ ಎದುರು ಬದರಾಗಿ ಇಟ್ಟಿರುವೆವೋ ಅವು ಒಂದೇ ತಾಯಿಯ ಮಕ್ಕಳು! ಇವಕ್ಕೆ ಇನ್ನೂ ಒಡಹುಟ್ಟಿದವರಿರುವರು. ಪದಾರ್ಥವು ಎಷ್ಟಕ್ಕೆ ನಿಲ್ಲುವದೋ ಅದು ‘ಕಿಮ್ಮತ್ತು’. ಜನರ ಸಮೂಹಕ್ಕೆ ಹೆಸರಾದ ‘ಕೋಮು’ ಸಹ ಇದೇ ಮನೆಯದು. ಬೆಳಿಗ್ಗೆ ಸಂತೆಗೆ ಹೋಗಿ ಸಂಜೆ ಬರುವಷ್ಟರಲ್ಲಿ ನಾವು ಈ ನಾಲ್ವರನ್ನೂ ಆಡಿ ಮುಗಿಸಿರುತ್ತೇವೆ, ಅವರು ಬಂಧುಗಳೆಂದು ತಿಳಿಯದೆ.

ಹಾಗಾದರೆ ಮುಕ್ಕಾಮಿಗೆ ‘ಎರಡು ದಿನ’ ಎಂಬ ಅರ್ಥವು ಎಲ್ಲಿಂದ ಅಂಟಿಕೊಂಡಿತು? ದಂಡಿನಿಂದ ಎಂದು ನಾವು ಬಗೆದಿರುವೆವು. ಮೊಗಲರ ಮತ್ತು ಮರಾಠರ ಸೈನ್ಯದ ಬರಹಗಳಲ್ಲಿ ‘ಕೂಚು’ ಮತ್ತು ‘ಮುಕ್ಕಾಮು’ ಎಂಬ ಎರಡು ಶಬ್ದಗಳು ಜೋಡೆತ್ತುಗಳಂತೆ ಬರುವವು. ದಂಡು ಎದ್ದು ನಡೆದ ದಿನ ಕೂಚು, ನಿಂತ ದಿನ ಮುಕ್ಕಾಮು. ಒಂದು ದಿನಕ್ಕೆ ನಡೆಯುವ ದಾರಿಯ ಕೊನೆಗೆ ಇಳಿಯುವ ತಾಣವು ‘ಮಂಜಿಲ್’, ಅದೇ ನಮ್ಮ ‘ಮಜಲು’. ದಂಡಿನವನಿಗೆ ನಿಲ್ಲುವದೆಂದರೆ ಮತ್ತೆ ಹೊರಡುವವರೆಗೆ ನಿಲ್ಲುವದು. ದಂಡು ಹೋದ ಮೇಲೆ ಕಂದಾಯದ ಅಧಿಕಾರಿಗಳು ಡೇರೆಯನ್ನೂ ಶಬ್ದವನ್ನೂ ಕೂಡಿಯೇ ಎತ್ತಿಕೊಂಡರು. ಹಳ್ಳಿಯವನು ಮಾತ್ರ ಅದನ್ನು ‘ನಾನು ನಿಂತ ಸ್ಥಳ’ ಎಂಬ ಅರ್ಥದಲ್ಲಿಯೇ ಇಟ್ಟುಕೊಂಡನು. ಧಾತುವಿಗೆ ನಿಷ್ಠನಾಗಿ ಉಳಿದವನು ಅವನು, ಕಚೇರಿಯಲ್ಲ.

ಮೌಲ್ವಿ ಸಾಹೇಬರು ಮತ್ತೂ ಒಂದು ಸಂಗತಿಯನ್ನು ಹೇಳಿದರು. ಹನಫೀ ಪದ್ಧತಿಯಲ್ಲಿ ಪ್ರಯಾಣಿಕನಿಗೆ ನಮಾಜನ್ನು ಸಂಕ್ಷೇಪ ಮಾಡುವ ರಿಯಾಯಿತಿಯುಂಟು. ಆದರೆ ಒಂದು ಊರಿನಲ್ಲಿ ೧೫ ದಿನ ಇರುವೆನೆಂದು ಅವನು ಸಂಕಲ್ಪ ಮಾಡಿದೊಡನೆ ಅವನು ‘ಮುಸಾಫಿರ’ನಲ್ಲ, ‘ಮುಕೀಮ್’. ಆ ಮೇಲೆ ನಮಾಜನ್ನು ಪೂರ್ತಿ ಮಾಡತಕ್ಕದ್ದು. ಈ ‘ಮುಕೀಮ್’ ಸಹ ಅದೇ ಗಂಟಿನದು. ಇದನ್ನು ನಾವು ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು, “ಹಾಗಾದರೆ ನಾವು ಸೇಡಂದಲ್ಲಿ ಮುಕೀಮ್, ಚಿತ್ತಾಪುರದಲ್ಲಿ ಮುಕೀಮ್, ವಾಡಿಯಲ್ಲಿ ಮುಕೀಮ್. ಹನ್ನೊಂದು ಬಾಡಿಗೆ ಮನೆಯಲ್ಲಿ ಒಲೆ ಹೂಡಿದೆನಲ್ಲ, ನನಗೆ ಅದರ ಹೆಸರು ಗೊತ್ತಿರಲಿಲ್ಲ” ಎಂದರು. ವರ್ಗಾವರ್ಗಿಯ ಮಾಸ್ತರನ ಹೆಂಡತಿಗೆ ಶಬ್ದಾರ್ಥವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ನಮ್ಮ ಸ್ವಂತ ಅಂಗಡಿಯ ಸರಕನ್ನೂ ಸ್ವಲ್ಪ ತೋರಿಸುವೆವು. ನಿಲ್ಲುವದರಿಂದಲೇ ನೆಲೆಯ ಹೆಸರು ಹುಟ್ಟುವದು ಅರಬ್ಬಿಗೆ ಮಾತ್ರ ಮೀಸಲಲ್ಲ. ಸಂಸ್ಕೃತದ ‘ಸ್ಥಾ’ ಧಾತುವಿಗೂ ನಿಲ್ಲುವದೆಂದೇ ಅರ್ಥವು. ಅದರಿಂದ ಸ್ಥಾನ, ಸ್ಥಿರ, ಸ್ಥಾವರ, ಸಂಸ್ಥಾನ. ಅದರ ತದ್ಭವಗಳು ತಾಣ ಮತ್ತು ಠಾಣೆ. ಕನ್ನಡದಲ್ಲಿ ‘ನಿಲ್’ ಎಂಬುದಕ್ಕೆ ‘ತಾಣ’ವು ಸೇರಿ ನಿಲ್ದಾಣ. ೧೮೭೧ರಲ್ಲಿ ಮುಂಬಯಿಯಿಂದ ರಾಯಚೂರಿಗೆ ರೈಲು ಹಾದಿಯು ಪೂರ್ತಿಯಾಯಿತು, ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಾದಿಯು ತೆರೆಯಿತು. ಅಂದಿನಿಂದ ವಾಡಿಯ ಜನರ ಬಾಯಲ್ಲಿ ‘ಟೇಶನ್’ ಎಂಬ ಶಬ್ದವು ಹೊಕ್ಕಿತು. ಆ ಇಂಗ್ಲಿಷ್ ಶಬ್ದದ ಮೂಲವು ಲ್ಯಾಟಿನ್ನಿನ ‘ನಿಲ್ಲು’ ಧಾತು, ಅದು ನಮ್ಮ ‘ಸ್ಥಾ’ ಧಾತುವಿನ ಒಡಹುಟ್ಟು. ವಾಡಿಯ ಹುಡುಗರಿಗೆ ನಾವು ಇದನ್ನು ಪ್ರತಿವರ್ಷವೂ ಹೇಳುತ್ತಿದ್ದೆವು. ಅವರಿಗೆ ಯಾವ ಗಾಡಿಯು ಎಷ್ಟು ಹೊತ್ತಿಗೆ ನಿಲ್ಲುವದೆಂಬುದರಲ್ಲಿಯೇ ಹೆಚ್ಚು ಆಸಕ್ತಿ.

ಕನ್ನಡದ್ದೇ ಆದ ‘ಬೀಡು’ ಎಂಬ ಶಬ್ದದ ದಾರಿಯು ಇದಕ್ಕೆ ವಿರುದ್ಧವಾದುದು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆ ಬಿಡು ಎಂಬುದರಿಂದ ಬೀಡು. ಹೊರೆಯನ್ನು ಇಳಿಸಿ ಎತ್ತಿನ ಕೊರಳು ಬಿಟ್ಟ ಸ್ಥಳವು ಬೀಡು. ಬಿಡಾರವು ಅದರ ನೆಂಟನು. ಅಲ್ಲಿ ನಿಲ್ಲುವದಲ್ಲ, ಬಿಡುವದು ಮುಖ್ಯ. ಇಂಥ ಶಬ್ದಕ್ಕೆ ನಮ್ಮ ಪೂರ್ವಿಕರು ‘ನೆಲೆ’ಯನ್ನು ಜೋಡಿಸಿ ‘ನೆಲೆವೀಡು’ ಎಂದು ಮಾಡಿದರು. ಶಾಸನಗಳಲ್ಲಿ ಅರಸನ ರಾಜಧಾನಿಗೂ ಅದೇ ಹೆಸರು, ಅವನು ದಂಡಿನೊಡನೆ ಇಳಿದ ಸ್ಥಳಕ್ಕೂ ಅದೇ ಹೆಸರು. ನಮ್ಮ ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದನ್ನು ವಾಚಕರು ಬಲ್ಲರು. ಅಮೋಘವರ್ಷನು ೮೧೪ರಿಂದ ಅರುವತ್ತು ವರ್ಷಗಳಿಗೂ ಮಿಕ್ಕಿ ರಾಜ್ಯವಾಳಿದನು. ಅವನ ಕಾಲದಲ್ಲಿ ಅದು ದೊಡ್ಡ ರಾಜಧಾನಿ. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ಬಂದು ಅದನ್ನು ಕೊಳ್ಳೆ ಹೊಡೆದನು. ಈಗ ಕಾಗಿಣಾ ನದಿಯ ದಂಡೆಯ ಮೇಲೆ ಒಂದು ಕೋಟೆ, ಒಂದು ಹಳೆಯ ಬಸದಿ, ಸುತ್ತ ತೊಗರಿಯ ಹೊಲ.

ಬಸದಿ ಎಂದೆವು. ಅದರ ಮೂಲವು ‘ವಸತಿ’. ‘ವಸ್’ ಎಂದರೆ ವಾಸಿಸು. ವಸತಿಯು ತದ್ಭವವಾಗಿ ಜಿನಾಲಯದ ಹೆಸರಾದಾಗ ಬಸದಿ. ಅದೇ ಧಾತುವು ಉತ್ತರದ ಭಾಷೆಗಳಲ್ಲಿ ಜನರ ಕೇರಿಯ ಹೆಸರಾದಾಗ ‘ಬಸ್ತಿ’. ನಮ್ಮ ಕಡೆಯ ಆಡುಮಾತಿನಲ್ಲಿ ‘ವಸ್ತಿ’. ಈ ವಸ್ತಿಯ ಅರ್ಥವನ್ನು ದಕ್ಷಿಣದವರಿಗೆ ತಿಳಿಸುವದು ಕಷ್ಟ. “ಇವತ್ತ ವಸ್ತಿ ಇರ್ರಿ” ಎಂದರೆ ‘ಇಂದಿನ ರಾತ್ರಿ ಇಲ್ಲಿಯೇ ಮಲಗಿ, ನಾಳೆ ಹೋಗಬಹುದು’ ಎಂದು. ಸಂಜೆ ತಾಲೂಕಿನ ಊರಿಂದ ಹೊರಟು, ಹಾದಿಯ ಕೊನೆಯ ಹಳ್ಳಿಯನ್ನು ಮುಟ್ಟಿ, ರಾತ್ರಿ ಅಲ್ಲಿಯೇ ನಿಂತು, ನಸುಕಿನಲ್ಲಿ ಮರಳುವ ಬಸ್ಸು ‘ವಸ್ತಿ ಬಸ್ಸು’. ಚಿಂಚೋಳಿ ತಾಲೂಕಿನ ಹಳ್ಳಿಯಲ್ಲಿ ನಾವು ಇದ್ದ ಮೂರು ವರ್ಷ ನಮ್ಮ ಪಾಲಿನ ಗಡಿಯಾರವು ಅದೇ ಆಗಿತ್ತು. ಅದರ ದೀಪವು ಕೆರೆಯ ಏರಿಯ ಮೇಲೆ ಕಂಡರೆ ರೊಟ್ಟಿಯ ಹಂಚನ್ನು ಒಲೆಗೆ ಏರಿಸುವ ಮನೆಗಳಿದ್ದವು. ಚಾಲಕನೂ ನಿರ್ವಾಹಕನೂ ಗುಡಿಯ ಕಟ್ಟೆಯ ಮೇಲೆ ಹಾಸಿಕೊಂಡು ಮಲಗುವರು. ಒಂದು ರೊಟ್ಟಿ, ಒಂದಿಷ್ಟು ಪುಂಡಿಪಲ್ಲೆ ಯಾವುದಾದರೂ ಮನೆಯಿಂದ ಅವರಿಗೆ ಹೋಗುತ್ತಿತ್ತು.

ವಸ್ತಿಗೆ ‘ರಾತ್ರಿ ತಂಗುವದು’ ಎಂಬ ಅರ್ಥವನ್ನು ಹಳ್ಳಿಗರು ತಾವೇ ಹುಟ್ಟಿಸಿದರೆಂದು ನಾವು ಬಹುಕಾಲ ತಿಳಿದಿದ್ದೆವು. ಅಮರಕೋಶವನ್ನು ಮತ್ತೊಮ್ಮೆ ತಿರುವಿದಾಗ ನಾನಾರ್ಥವರ್ಗದಲ್ಲಿ ‘ವಸತಿ’ಗೆ ರಾತ್ರಿ ಎಂದೂ ಮನೆ ಎಂದೂ ಎರಡು ಅರ್ಥಗಳು ದೊರೆತವು. ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೇ; ಕಣ್ಣು ತೆರೆದದ್ದು ವಸ್ತಿ ಬಸ್ಸಿನಿಂದ. ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಮನುಸ್ಮೃತಿಯೂ ಹೇಳುವದನ್ನು ಇಲ್ಲಿ ನೆನೆಯಬಹುದು. ಎಂಟು ದಿನದ ನೆಂಟರಿಗೆ ಆ ಮರ್ಯಾದೆ ಸಲ್ಲದು. ಇದೇ ಧಾತುವಿನ ‘ಪ್ರವಾಸ’ವಂತೂ ಪೂರ್ತಿ ತಿರುಗಿ ನಿಂತಿದೆ. ಸಂಸ್ಕೃತದಲ್ಲಿ ಅದು ಮನೆಯಿಂದ ದೂರದಲ್ಲಿ ‘ವಾಸಿಸುವದು’. ಕನ್ನಡದಲ್ಲಿ ಎಲ್ಲಿಯೂ ವಾಸಿಸದೆ ಸುತ್ತುವದು.

ಕಚೇರಿಯ ಕಾಗದಗಳಲ್ಲಿ ಈ ವಸ್ತಿಗೆ ಒಬ್ಬ ಜೊತೆಗಾರನಿರುವನು. ನಮ್ಮ ಜಿಲ್ಲೆಯ ಠಾಣೆಯ, ಕೋರ್ಟಿನ ಬರಹವನ್ನು ನೋಡಿದವರಿಗೆ ‘ಸಾ॥’ ಮತ್ತು ‘ಹಾ॥ ವ॥’ ಎಂಬ ಎರಡು ಗುರುತುಗಳು ಪರಿಚಿತವಾಗಿರುವವು. ‘ಸಾ॥’ ಎಂದರೆ ಸಾಕಿನ್, ಇಂಥ ಊರಿನ ನಿವಾಸಿ. ‘ಹಾ॥ ವ॥’ ಎಂದರೆ ಹಾಲಿ ವಸ್ತಿ, ಸದ್ಯಕ್ಕೆ ಇರುವ ಸ್ಥಳ. ೧೯೪೮ರವರೆಗೆ ಈ ಸೀಮೆಯು ಹೈದರಾಬಾದ ಸಂಸ್ಥಾನದಲ್ಲಿದ್ದು ಉರ್ದುವಿನಲ್ಲಿ ಕಾರಭಾರವು ನಡೆದುದರ ಗುರುತಿದು. ‘ಸಾಕಿನ್’ ಎಂಬುದರ ಧಾತುವಿಗೆ ಅಲುಗದಿರುವದು ಎಂದು ಅರ್ಥ. ಅಕ್ಷರಕ್ಕೆ ಸ್ವರವಿಲ್ಲವೆಂದು ತೋರಿಸುವ ಅರಬ್ಬಿಯ ಚಿಹ್ನೆಗೆ ‘ಸುಕೂನ್’ ಎನ್ನುವದೂ ಇದರಿಂದಲೇ. ನಾವು ಅಂಥದಕ್ಕೆ ‘ವಿರಾಮ’ವೆನ್ನುವೆವು. ಎರಡು ದೇಶದ ವೈಯಾಕರಣರಿಗೂ ಸ್ವರವಿಲ್ಲದ ಅಕ್ಷರವು ದಣಿದು ಕುಳಿತಂತೆ ಕಂಡಿರಬೇಕು.

ಈಗ ಆ ಕೆಂಪು ಮಸಿಯ ಸಂಗತಿಗೆ ಬರುವೆವು.

ಚಿಂಚೋಳಿ ತಾಲೂಕಿನ ಅದೇ ಹಳ್ಳಿಯ ಶಾಲೆಗೆ ನಾಲ್ಕು ಮೈಲು ದೂರದ ತಾಂಡಾದಿಂದ ಒಬ್ಬ ಲಂಬಾಣಿ ಹುಡುಗನು ನಡೆದು ಬರುತ್ತಿದ್ದನು. ಸಂಸ್ಕೃತದಲ್ಲಿ ಚುರುಕು, ಶಬ್ದರೂಪಗಳನ್ನು ಹಾಡಿನಂತೆ ಒಪ್ಪಿಸುವನು. ಅವನನ್ನು ತಾಲೂಕಿನ ವಸತಿನಿಲಯಕ್ಕೆ ಸೇರಿಸಬೇಕೆಂದು ನಾವೇ ಅರ್ಜಿಯ ನಮೂನೆಯನ್ನು ತರಿಸಿಕೊಟ್ಟೆವು. ನಮೂನೆಯಲ್ಲಿ ಎರಡು ಅಂಕಣಗಳಿದ್ದವು: ‘ಕಾಯಂ ವಿಳಾಸ’, ‘ಹಾಲಿ ವಿಳಾಸ’. ಹುಡುಗನು ಕಾಯಂ ಅಂಕಣದಲ್ಲಿ ದುಂಡಗಿನ ಅಕ್ಷರದಲ್ಲಿ ‘ಮುಕ್ಕಾಮು’ ಎಂದು ಪೂರ್ತಿ ಬರೆದು, ಮುಂದೆ ತನ್ನ ತಾಂಡಾದ ಹೆಸರನ್ನು ಬರೆದಿದ್ದನು. ನಮಗೆ ತಪ್ಪು ಸಿಕ್ಕಿತು. ಮಾಸ್ತರರಿಗೆ ತಪ್ಪು ಸಿಕ್ಕಾಗ ಆಗುವ ಸಂತೋಷವನ್ನು ಮಾಸ್ತರರೇ ಬಲ್ಲರು. ವರ್ಗದ ಮುಂದೆ ಅವನನ್ನು ನಿಲ್ಲಿಸಿ, “ಮುಕ್ಕಾಮು ಎಂದರೆ ತಾತ್ಕಾಲಿಕವಾಗಿ ತಂಗುವದು, ಅದು ಕಾಯಂ ಹೇಗಾದೀತು?” ಎಂದು ಕೇಳಿದೆವು. ತಾಂಡಾ ಎಂಬ ಶಬ್ದಕ್ಕೂ ಮೂಲದಲ್ಲಿ ಹೇರೆತ್ತುಗಳ ಸಾಲು, ನಡೆಯುವ ಜನರ ಗುಂಪು ಎಂದೇ ಅರ್ಥವೆಂದು ವಿದ್ವತ್ತನ್ನು ಮೆರೆದೆವು. ಬರೆದುದನ್ನು ಕೆಂಪು ಮಸಿಯಿಂದ ಹೊಡೆದು, ಹಾಲಿ ಅಂಕಣಕ್ಕೆ ಸಾಗಿಸಿ, ಕಾಯಂ ಅಂಕಣವನ್ನು ತಂದೆಯನ್ನು ಕೇಳಿ ತುಂಬಿಕೊಂಡು ಬಾ ಎಂದೆವು.

ಮರುದಿನ ತಂದೆಯೇ ಬಂದನು. ರುಮಾಲನ್ನು ಕೈಯಲ್ಲಿ ಹಿಡಿದು ಬಾಗಿಲ ಹೊರಗೇ ನಿಂತು, “ನಮ್ಮಪ್ಪನ ಮುತ್ತ್ಯಾನ ಕಾಲಕ್ಕ ಇಲ್ಲಿ ಬಂದೀವ್ರಿ ಸರ. ಇದರ ಬಿಟ್ಟು ಕಾಯಂ ಅಂತ ಮತ್ಯಾವ ಊರ ಹೆಸರ ಬರಸ್ಲಿ?” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಆದರೂ ಹೊಡೆದುದನ್ನು ತಿದ್ದಲಿಲ್ಲ. ಕಾಗದವು ಹಾಗೆಯೇ ಹೋಯಿತು. ಕಚೇರಿಯೊಂದರಿಂದ ಅದು ಮರಳಿ ಬಂದಿತು: ಕಾಯಂ ವಿಳಾಸವಿಲ್ಲ, ವಾಸದ ದೃಢೀಕರಣವಿಲ್ಲ, ಈ ಹೆಸರಿನ ಗ್ರಾಮವು ದಾಖಲೆಯಲ್ಲಿಲ್ಲ. ಅಷ್ಟರಲ್ಲಿ ವಸತಿನಿಲಯದ ಅವಧಿಯು ಮುಗಿದಿತ್ತು. ಸುಗ್ಗಿ ಮುಗಿದೊಡನೆ ತಂದೆತಾಯಿಗಳು ಪುಣೆಗೆ ಗುಳೆ ಹೋದರು, ಹುಡುಗನೂ ಅವರೊಡನೆ ಹೋದನು. ಮುಂದಿನ ಜೂನಿನಲ್ಲಿ ಮರಳಿ ಬಂದು ಮತ್ತೆ ಅದೇ ವರ್ಗದಲ್ಲಿ ಕುಳಿತನು. ಒಂದು ವರ್ಷವು ಹೋಗಿತ್ತು. ದಾಖಲೆಯ ತಪ್ಪು ಕಚೇರಿಯದು. ಆದರೆ ಅದಕ್ಕೆ ಮೊದಲ ಗೆರೆಯನ್ನು ಎಳೆದ ಕೈ ನಮ್ಮದು.

ಇದಾಗಿ ಎರಡು ವರ್ಷಗಳಿಗೆ ನಮಗೆ ಶಾಹಾಬಾದಕ್ಕೆ ವರ್ಗವಾಗಿ ಮೌಲ್ವಿ ಸಾಹೇಬರ ಕಟ್ಟೆಯು ದೊರೆಯಿತು. ಬಟ್ಟಲು ಕೈಯಲ್ಲಿ ಉಳಿದ ಕಾರಣವನ್ನು ವಾಚಕರು ಈಗ ಊಹಿಸಬಹುದು. ಸೂಫಿಗಳ ಪರಿಭಾಷೆಯಲ್ಲಿ ‘ಹಾಲ್’ ಎಂದರೆ ಬಂದು ಹೋಗುವ ಸ್ಥಿತಿ, ‘ಮಕಾಮ್’ ಎಂದರೆ ಸಾಧನೆಯಿಂದ ಏರಿ ಗಟ್ಟಿಯಾಗಿ ನಿಂತ ಮೆಟ್ಟಿಲು ಎಂದು ಅವರು ಹೇಳಿದರು. ೧೪೨೨ರಲ್ಲಿ ಕಲಬುರಗಿಯಲ್ಲಿ ಕಾಲವಾದ ಬಂದೇನವಾಜರಂಥವರು ಕಲಿಸಿದ ಮಾರ್ಗದ ಶಬ್ದಗಳಿವು. ಹಾಲ್ ಎಂಬುದರಿಂದ ಹಾಲಿ. ಮಕಾಮಿನ ಮನೆತನದ್ದು ಕಾಯಂ. ನಮೂನೆಯ ಎರಡು ಅಂಕಣಗಳು ಅವೇ ಎರಡು ಶಬ್ದಗಳು! ಹುಡುಗನು ಮುಕ್ಕಾಮನ್ನು ಅದರ ತವರಿನಲ್ಲಿಯೇ ಕೂಡ್ರಿಸಿದ್ದನು. ನಾವು ಅದನ್ನು ಎಳೆದು ಎದುರು ಮನೆಗೆ ಹಾಕಿದ್ದೆವು.

ತಾಂಡಾದ ಶಬ್ದಾರ್ಥವನ್ನು ನಾವು ಹೇಳಿದ್ದು ಸರಿಯೇ. ದಂಡುಗಳಿಗೆ ಧಾನ್ಯವನ್ನೂ, ಊರೂರಿಗೆ ಉಪ್ಪನ್ನೂ ಎತ್ತಿನ ಮೇಲೆ ಹೇರಿ ಸಾಗಿಸಿದ ಜನರವರು. ಆದರೆ ಅರ್ಧವನ್ನಷ್ಟೇ ಹೇಳಿದ್ದೆವು. ರಸ್ತೆ, ರೈಲುಗಳು ಬಂದ ಮೇಲೆ ಹೇರೆತ್ತಿಗೆ ಕೆಲಸ ತಪ್ಪಿತು. ನಡೆಯುವ ತಾಂಡಾವು ಎಲ್ಲಿ ನಿಂತಿತೋ ಅಲ್ಲಿಯೇ ಊರಾಯಿತು. ನಾವು ಹುಡುಗರಿಗೆ ಅಷ್ಟು ಹೆಮ್ಮೆಯಿಂದ ಹೇಳುತ್ತಿದ್ದ ‘ಟೇಶನ್’ ಮತ್ತು ಈ ನಿಂತ ತಾಂಡಾ, ಎರಡೂ ಒಂದೇ ಕಾಲದ ಫಲಗಳು. ಟೇಶನ್ನು ನಕಾಶೆಯಲ್ಲಿ ಕಾಣಿಸಿತು, ತಾಂಡಾವು ಕಾಣಿಸಲಿಲ್ಲ. ಕಂದಾಯದ ಭಾಷೆಯಲ್ಲಿ ಇಂಥವುಗಳಿಗೆ ‘ದಾಖಲೆ ರಹಿತ ಜನವಸತಿ’ ಎಂದು ಹೆಸರು. ಜನರೂ ಇದ್ದಾರೆ, ವಸತಿಯೂ ಇದೆ, ದಾಖಲೆ ಮಾತ್ರ ಇಲ್ಲ.

೨೦೨೩ನೆಯ ಜನವರಿ ೧೯ರಂದು ಮಳಖೇಡದಲ್ಲಿ, ಅದೇ ಹಳೆಯ ನೆಲೆವೀಡಿನಲ್ಲಿ, ಒಂದು ದೊಡ್ಡ ಸಭೆಯು ನೆರೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳ ಸುಮಾರು ೧೪೭೫ ದಾಖಲೆ ರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಸಾರಿ, ಅಲ್ಲಿಯ ಐವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಮನೆಯ ಹಕ್ಕುಪತ್ರಗಳನ್ನು ಕೊಡುವ ಸಮಾರಂಭವದು. ಹಕ್ಕುಪತ್ರವು ದೊರೆತ ಮಾತ್ರಕ್ಕೆ ಗುಳೆ ಹೋಗುವದು ನಿಲ್ಲಲಿಲ್ಲ. ಬೇಸಿಗೆಯಲ್ಲಿ ಇಂದಿಗೂ ಎಷ್ಟೋ ಬಾಗಿಲುಗಳಿಗೆ ಬೀಗ ಬೀಳುವದನ್ನು ನಾವು ಕಾಣುತ್ತೇವೆ. ಆದರೆ ಬೀಗವನ್ನು ಹಾಕಿ ಹೋಗುವವನಿಗೆ ತನ್ನದೆನ್ನುವ ಬಾಗಿಲಿರುವದಕ್ಕೂ ಇಲ್ಲದಿರುವದಕ್ಕೂ ಅಂತರವುಂಟು.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಒಬ್ಬ ಗಡ್ಡದ ತರುಣನು ಬಂದನು. ಗುರುತು ಹತ್ತಲಿಲ್ಲ. “ಸರ, ರಾಮಃ ರಾಮೌ ರಾಮಾಃ” ಎಂದು ನಕ್ಕಾಗ ಹತ್ತಿತು. ಈಗ ಅವನು ಪುಣೆಯಲ್ಲಿ ವಿದ್ಯುತ್ ಕೆಲಸದ ಮೇಸ್ತ್ರಿ. ಮಕ್ಕಳು ಊರಲ್ಲಿ ಅಜ್ಜಿಯ ಬಳಿ ಇದ್ದು ಶಾಲೆಗೆ ಹೋಗುತ್ತಿರುವರು. ತಾಯಿಯ ಹೆಸರಿಗೆ ಬಂದ ಹಕ್ಕುಪತ್ರದ ನಕಲನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಹೆಸರಿನ ಅಕ್ಷರಗಳು ಸರಿಯಾಗಿವೆಯೇ ನೋಡಿಕೊಡಿ ಎಂದನು. ಒಂದು ದೀರ್ಘವು ತಪ್ಪಿತ್ತು. ಅದನ್ನು ತಿದ್ದಿಸಲು ಅರ್ಜಿಯನ್ನು ಬರೆಯಬೇಕಾಯಿತು. ನಾವು ಹಳೆಯ ಮಾತನ್ನು ಎತ್ತಿ ತಪ್ಪೊಪ್ಪಿಕೊಂಡೆವು. ಅವನಿಗೆ ಕೆಂಪು ಮಸಿಯು ನೆನಪಿರಲಿಲ್ಲವೋ, ನೆನಪಿಲ್ಲವೆಂದು ಹೇಳಿದನೋ ತಿಳಿಯದು. “ಆ ವರ್ಷ ಪುಣಾದಾಗ ವೈರಿಂಗ್ ಕೆಲಸ ನೋಡಕೋತ ಕುಂದರತಿದ್ದೆ, ಅದೇ ಈಗ ಅನ್ನ ಹಾಕ್ಲಿಕತ್ತದ ಸರ” ಎಂದಷ್ಟೇ ಹೇಳಿದನು. ಅರ್ಜಿಯ ಮೇಲ್ತುದಿಯಲ್ಲಿ ವಿಳಾಸವನ್ನು ನಾವೇ ಬರೆದೆವು. ಮುಕ್ಕಾಮು ಎಂದು ಪೂರ್ತಿ ಬರೆದು ತಾಂಡಾದ ಹೆಸರನ್ನು ಹಾಕಿದೆವು. ಮಸಿ ಕಪ್ಪು.

ಶಾಹಾಬಾದದ ಭಗಿನಿಯವರಿಗೆ ನಮ್ಮ ಉತ್ತರವಿಷ್ಟೇ. ಕಿರಿಯ ಮಗಳ ಲಗ್ನಪತ್ರಿಕೆಯಲ್ಲಿ ‘ಮು॥’ ಇರಲಿ. ಅಳಿಯಂದಿರು ಮತ್ತೆ ವಿನೋದಕ್ಕೆ ಬಂದರೆ, ಅವರ ನೌಕರಿ ‘ಕಾಯಂ’ ಆಗಿದೆಯೇ ಎಂದು ಕೇಳಿ, ಆಗಿದ್ದರೆ ಅದೂ ಮುಕ್ಕಾಮಿನ ತಮ್ಮನೇ ಎಂದು ತಿಳಿಸಬಹುದು. ಅಚ್ಚಿನವರಿಗೆ ಮಾತ್ರ ಒಂದು ಎಚ್ಚರಿಕೆಯನ್ನು ಹೇಳಿರಿ. ‘ಮು॥ ಪೋ॥’ ಎಂದು ಕೂಡಿಸಿ ಹಾಕುವದು ಊರಿನಲ್ಲಿಯೇ ಅಂಚೆಯ ಮನೆಯು ಇದ್ದಾಗ. ಬೀಗರ ಹಳ್ಳಿಯಲ್ಲಿ ಅಂಚೆಯು ಇಲ್ಲದಿದ್ದರೆ ‘ಮು॥’ ಎಂದು ಒಂದು ಊರನ್ನೂ, ‘ಪೋ॥’ ಎಂದು ಅಂಚೆಯಿರುವ ಊರನ್ನೂ ಬೇರೆ ಬೇರೆಯಾಗಿ ಹಾಕಿಸಿ, ಕೆಳಗೆ ಪಿನ್ ಕೋಡನ್ನು ಕಾಣಿಸತಕ್ಕದ್ದು. ಹೋದ ವರ್ಷ ನಮ್ಮ ತಂಗಿಯ ಮನೆಯ ಮುಂಜಿವೆಯ ಕರೆಯು ಹೀಗೆ ಕೂಡಿಸಿ ಬರೆದುದರಿಂದ ಅಲ್ಲಲ್ಲಿ ಸುತ್ತಾಡಿ, ಮುಂಜಿವೆಯಾದ ಒಂಬತ್ತನೆಯ ದಿನಕ್ಕೆ ನಮ್ಮ ಕೈ ಸೇರಿತು.